ಜರ್ಮನಿಯಾಗೆ ಇರೋ ತಮ್ಮನಿಗೆ 60 ಸಾವಿರ ಯೂನಿಟ್‌ನ ವಿಟಮಿನ್ ಡಿ ಗುಳಿಗೆ ಕಳಿಸ್ಬೇಕು, ಹೆಂಗೆ?

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಮ್ಯೂನಿಕ್‌ನಾಗೆ ಅದಾನೆ, ಎರಡು ವರ್ಷ ಆತು. ಈ ಚಳಿಗಾಲದಾಗೆ ಮೈಕೈ ನೋವು, ಸುಸ್ತು, ಮೆಟ್ಲು ಹತ್ತಿದ್ರೆ ತೊಡೆ ಹಿಡಿಯುತ್ತೆ ಅಂತಿದ್ದ, ಬ್ಲಡ್ ಟೆಸ್ಟ್ ಮಾಡಿಸಿದ್ರೆ ವಿಟಮಿನ್ ಡಿ 11 ಬಂದೈತೆ, ಕಡಿಮೆ ಅಂತೆ. ಅಲ್ಲಿ ಡಾಕ್ಟ್ರು 20,000 ದ ಕ್ಯಾಪ್ಸೂಲ್ ವಾರಕ್ಕೊಂದು ಬರ್ಕೊಟ್ಟಾರೆ, ಆದ್ರೆ ಇವನಿಗೆ ಸಮಾಧಾನ ಇಲ್ಲ, ಊರಾಗೆ 60 ಸಾವಿರದ್ದು ಕೊಡ್ತಾರೆ ಇಲ್ಲಿ ಚೀಟಿ ಇಲ್ದೆ ದೊಡ್ಡ ಡೋಸು ಮುಟ್ಟಾಕೂ ಬಿಡಲ್ಲ ನೀನೇ ನಾಕು ಬಾಕ್ಸ್ ಕಳ್ಸು ಅಂತ ದಿನಾ ವಾಟ್ಸಾಪ್.

ನಾನು ಮೆಡಿಕಲ್ ಶಾಪಿಗೆ ಹೋದೆ. ಒಬ್ಬ ಚೀಟಿ ಕೇಳಿದ, ನಾಕು ಅಂಗಡಿ ಆಚೆಯವ್ನು ಏನೂ ಕೇಳ್ದೆ ಕೊಟ್ಟ. ಎರಡೂ 60,000 ನೇ, ಒಂದ್ರ ಮ್ಯಾಲೆ ಕೆಂಪು ಗೆರೆ ಐತೆ, ಇನ್ನೊಂದ್ರ ಮ್ಯಾಲೆ ಬಿಸ್ಕತ್ ಪ್ಯಾಕೆಟ್ ಮ್ಯಾಲಿರ್ತೈತಲ್ಲ ಆ ಎಫ್‌ಎಸ್‌ಎಸ್‌ಎಐ ನಂಬರ್ ಐತೆ. ಇದೇನು ಕಥೆ? ಅಲ್ಲಿಂದ ಕೊರಿಯರ್ ಆಫೀಸು, ಔಷಧಿ ಅಂದಕೂಡ್ಲೆ ಅವ್ನು ತಕ್ಕಡಿ ಮ್ಯಾಲಿಂದ ಪಾರ್ಸಲ್ ಇಳಿಸಿ ನನ್ನ ಕೈಗೇ ಕೊಟ್ಟ. ನಮ್ಮಮ್ಮ ಶೇಂಗಾ ಚಟ್ನಿಪುಡಿ ಒಳಗೆ ಹುದುಗಿಸಿ ಕಳ್ಸು ಯಾವನಿಗೆ ಗೊತ್ತಾಗುತ್ತೆ ಅಂತಾಳೆ. ಯಾರಾದ್ರೂ ಕಳಿಸಿದೋರು ಇದ್ರೆ ಹೇಳ್ರಪ್ಪ.

ರಾಯಚೂರಿನಂವ, ಈಗ ಸ್ಟುಟ್‌ಗಾರ್ಟ್

ಅಮ್ಮಾರಿಗೆ ಹೇಳ್ರಿ, ಚಟ್ನಿಪುಡಿ ಬರೇ ಚಟ್ನಿಪುಡಿಯಾಗಿ ಬರಲಿ. ಹೊರದೇಶದಿಂದ ಔಷಧ ಪೋಸ್ಟಿನ್ಯಾಗ ತರಿಸ್ಕೊಳ್ಳೋದು ಇಲ್ಲಿ ಖಾಸಗಿ ಜನಕ್ಕ ನಿಷೇಧ ಅದ. ಕಸ್ಟಮ್ಸ್‌ನವರು ತಡದ್ರಂದ್ರ ನಿಮ್ಮ ತಮ್ಮಗ ಪತ್ರ ಬರ್ತದ, ಹೋಗಿ ಉತ್ತರ ಕೊಡಬೇಕು. ಅದರಾಗ ಬಚ್ಚಿಟ್ಟು ಕಳಿಸಿದ್ದು ಅಂತಾದ್ರ ವೀಸಾದ ಮ್ಯಾಲಿರೋ ಹುಡುಗ ಎದಕ್ಕ ಬೇಕ್ರಿ ಈ ಉಸಾಬರಿ? ತಾನ ಊರಿಗೆ ಬಂದು ವಾಪಸ್ ಹೋಗುವಾಗ ಸ್ವಂತಕ್ಕ ಅಂತ ಬ್ಯಾಗಿನ್ಯಾಗ ತರಬಹುದು, ಸುಮಾರು 3 ತಿಂಗಳಿಗಾಗೋವಷ್ಟು. ಇಂಗ್ಲಿಷ್‌ನ್ಯಾಗ ಬರದ ಚೀಟಿ ಜೊತಿಗಿರಲಿ.

ಆದ್ರ ತರೋದೇ ಬ್ಯಾಡ ಅಂತೀನಿ ನಾನು. ಇಲ್ಲಿ ದಿನಕ್ಕ 1000 ತನಕ ಡ್ರಗ್‌ಸ್ಟೋರ್‌ನ್ಯಾಗ ಸಾಬೂನು ಶಾಂಪೂ ಬಾಜೂಕ ಸಿಗ್ತದ. 20,000 ದ್ದಕ್ಕ ಡಾಕ್ಟರ್ ಚೀಟಿ ಬೇಕು, ಅದು ಅವಂಗ ಸಿಕ್ಕೇ ಅದಲ್ಲ! ನಾನೂ ಮೊದಲ ವರ್ಷ ಹಿಂಗ ಒದರಾಡಿದವನೇ. ಮ್ಯೂನಿಕ್ ಇರೋದು 48 ಡಿಗ್ರಿ ಉತ್ತರಕ್ಕ, ಬಳ್ಳಾರಿ 15 ಡಿಗ್ರಿ. ಅಕ್ಟೋಬರ್‌ನಿಂದ ಮಾರ್ಚ್ ತನಕ ಇಲ್ಲಿ ಸೂರ್ಯ ಕಂಡ್ರೂ ಚರ್ಮದಾಗ ಡಿ ತಯಾರಾಗೋ ಅಷ್ಟು ಕಿರಣ ಬರೂದಿಲ್ಲ, ನಮ್ಮ ಕಪ್ಪು ಮೈಗಂತೂ ಕೇಳಬ್ಯಾಡ್ರಿ. ಇನ್ನೊಂದು, ಇಲ್ಲಿ ಡಬ್ಬಿ ಮ್ಯಾಲ ಐಯು (ಯೂನಿಟ್) ಅಂತ ಇರೂದಿಲ್ಲ, ಐಇ ಅಂತ ಇರ್ತದ, ಎರಡೂ ಒಂದ. ಕೆಲವದರ ಮ್ಯಾಲ ಬರೇ ಮೈಕ್ರೋಗ್ರಾಂ, 25 ಅಂದ್ರ 1000. ನಾನು 25 ನೋಡಿ ಇದೇನು ಹುಡುಗರಿಗೆ ಕೊಡೋದು ಅಂತ ನಾಕ್ ನಾಕು ನುಂಗಿದ್ದೆ.

ಕುಷ್ಟಗಿ ಮೆಡಿಕಲ್

ನಾನು ಅಂಗಡ್ಯಾಗ ಕೂಡಾಂವ ಅದಕ್ಕ ಹೇಳ್ತೀನ್ರಿ. ಕೆಂಪು ಗೆರಿ ಇದ್ದದ್ದು ಚೀಟಿ ಮ್ಯಾಲ ಕೊಡೋ ಔಷಧ. ಇನ್ನೊಂದು ಆಹಾರದ ಲೈಸೆನ್ಸ್ ಮ್ಯಾಲ ಮಾರೋ ಸಪ್ಲಿಮೆಂಟು. ಈಗ ಲೆಕ್ಕ ನೋಡ್ರಿ, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು 2020 ರಾಗ ಹೇಳಿದ್ದು ದಿನಕ್ಕ 600 ಯೂನಿಟ್, ದಾಟಬಾರದ ಗೆರಿ ಅಂದ್ರ 4000. ವಾರಕ್ಕೊಂದು 60,000 ಅಂದ್ರ ದಿನಕ್ಕ ಎಂಟೂವರಿ ಸಾವಿರದ ಮ್ಯಾಲ ಬಿತ್ತು. ಕೊರತಿ ಇದ್ದವರಿಗೆ ಡಾಕ್ಟರು ಸಾಮಾನ್ಯ 8 ವಾರ ಕೊಟ್ಟು ಆಮ್ಯಾಲ ತಿಂಗಳಿಗೊಂದು ಮಾಡ್ತಾರ, ಅದು ಚಿಕಿತ್ಸಾ, ಟಾನಿಕ್ ಅಲ್ಲ. ಅಂಥಾದ್ದು ಆಹಾರದ ಹೆಸರಿನ್ಯಾಗ ಹೆಂಗ ಡಬ್ಬಿ ಸೇರ್ತೋ ನನಗೂ ಆಶ್ಚರ್ಯ, ಆದ್ರ ಗಿರಾಕಿ ಕೇಳ್ತಾರ ಅಂಗಡಿಯವ ಇಡ್ತಾನ, ಹಿಂಗೈತ್ರಿ ಮಾರ್ಕೆಟ್ಟು.

ಮತ್ತೊಂದು ಮಾತು, ನಿಮ್ಮ ಪ್ರಶ್ನಿಗೆ ಸಂಬಂಧ ಇಲ್ಲ ಅಂದ್ರೂ ಹೇಳ್ತೀನಿ. ನಮ್ಮ ಕಡೆ ಮೊಣಕಾಲು ಸೊಂಟ ಹಿಡಿದ ಮಂದಿ ಎಲ್ಲಾ ಬಂದು ಡಿ ಗುಳಿಗಿ ಕೊಡ್ರಿ ಅಂತಾರ. ಕುಷ್ಟಗಿ ಯಲಬುರ್ಗಾ ಬೋರ್ ನೀರಿನ್ಯಾಗ ಫ್ಲೋರೈಡ್ ಎಷ್ಟೈತಿ ಅನ್ನೋದು ಎಲ್ಲಾರಿಗೂ ಗೊತ್ತು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡಿಯಂಗಿಲ್ಲ. ಆ ನೀರು ಕುಡದು ಹಲ್ಲು ಹಳದಿ ಆಗಿ ಸೊಂಟ ಬಗ್ಗದಂಗ ಆದಾಂವಗ ಕ್ಯಾಪ್ಸೂಲ್ ಏನ್ ಮಾಡ್ತೈತ್ರಿ? ನಾನಂತೂ ಮೊದಲ ಯಾವ ನೀರು ಕುಡಿತೀರಿ ಅಂತ ಕೇಳ್ತೀನಿ.

ಸಿಂಧನೂರು ಅಕ್ಕ

ಗುಳಿಗಿ ಕಳಿಸೋದು ಬಿಡ್ರಿ, ಮನ್ಯಾಗ ಇದ್ದದ್ದೂ ಹುಷಾರಿ. ನಮ್ಮವ್ವಗ ಮೊಣಕಾಲು ನೋವಿಗೆ ಡಾಕ್ಟರು ಈ 60 ಸಾವಿರದ್ದ ವಾರಕ್ಕೊಂದು ಅಂತ ಬರದಿದ್ರು. ಅದರ ಸ್ಟ್ರಿಪ್‌ನ್ಯಾಗ ಇರೋದೇ ನಾಕು, ತಿಂಗಳಿಗೊಂದು ಸ್ಟ್ರಿಪ್ ಅಂತ. ಅಂಗಡಿಯಾಂವ ಕವರ್ ಮ್ಯಾಲ 1 ಅಂತ ಬರದು ಕೊಟ್ಟಾನ, ವಾರ ಅಂತ ಬರದಿಲ್ಲ. ಅವ್ವ ಅದನ್ನ ಬಿಪಿ ಗುಳಿಗಿ ಡಬ್ಬ್ಯಾಗ ಹಾಕ್ಕೊಂಡು ಎರಡೂ ಕೂಡೇ ದಿನಾ ಮುಂಜಾನಿ ಚಹಾ ಕುಡದು ನುಂಗ್ಯಾಳ. ಮುಗದಂಗ ಅಪ್ಪ ಹೋಗಿ ತರೋದು, ಅವನೂ ಕೇಳಲಿಲ್ಲ ಅಂಗಡಿಯಾಂವನೂ ಕೇಳಲಿಲ್ಲ. ಒಂದೂವರಿ ತಿಂಗಳು! 45 ಹಿಡದ್ರ 27 ಲಕ್ಷ ಯೂನಿಟ್ ಆಗ್ತದ ನೋಡ್ರಿ.

ಮೊದಲ ಊಟ ಸೇರದಂಗಾತು, ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡದ್ರೂ ಬಾಯಿ ಒಣಗೋದು, ರಾತ್ರಿ ಐದಾರು ಸಲ ಏಳೋದು. ಶುಗರ್ ಬಂದದ ಅಂತ ನಾವು ಶುಗರ್ ಚೆಕ್ ಮಾಡಿಸಿದ್ವಿ, ನಾರ್ಮಲ್. ಒಂದಿನ ನನ್ನನ್ನ ಹಿಡಕೊಂಡು ನಮ್ಮ ಚಿಗವ್ವನ ಹೆಸರಿಂದ ಕರದ್ಲು, ಆಗ ಎದಿ ಧಸಕ್ಕಂತು. ಅಡ್ಮಿಟ್ ಮಾಡಿದ್ಮ್ಯಾಲ ಕ್ಯಾಲ್ಸಿಯಂ 13.4 ಬಂತು, ಹತ್ತೂವರಿ ಒಳಗ ಇರಬೇಕಂತ. ಕಿಡ್ನಿ ರಿಪೋರ್ಟೂ ಏರಿತ್ತು. ಬಿಪಿ ಗುಳಿಗಿಯೊಳಗ ನೀರಿಳಸೋ ಔಷಧ ಇತ್ತು, ಅದೂ ಕ್ಯಾಲ್ಸಿಯಂ ಏರಸ್ತದ ಅಂತ ಡಾಕ್ಟರು ಹೇಳಿದ್ಮ್ಯಾಲ ಗೊತ್ತಾತು. ಸಲೈನ್ ಮ್ಯಾಲ ಸಲೈನ್. ಈ ಡಿ ಕೊಬ್ಬಿನ್ಯಾಗ ಕುಂದರೋದಂತ, ಉಚ್ಚಿ ಜೊತಿ ಹೊಂಟೋಗೋದಲ್ಲ, ಇಳಿಯಾಕ ತಿಂಗಳುಗಟ್ಟಲೆ ಹಿಡೀತು. ಈಗ ಅರಾಮ ಅದಾಳ. ಗುಳಿಗಿ ಡಬ್ಬಿ ಕೀಲಿ ಹಾಕಿ ನಾನ ಇಟಗೊಂಡೀನಿ, ಅದಕ್ಕ ನನ್ನ ಮ್ಯಾಲ ಸಿಟ್ಟು.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೆ ಫೋನ್ ಹಚ್ಚಿ ನಿನ್ನ ಹತ್ರ ಏನೇನು ಡಬ್ಬಿ ಐತೆ ಎಲ್ಲಾ ಕ್ಯಾಮೆರಾ ಮುಂದೆ ಇಡು ಅಂದೆ. ಡಾಕ್ಟ್ರು ಕೊಟ್ಟಿದ್ದು ಇನ್ನೂ ಎರಡೇ ನುಂಗ್ಯಾನೆ, ಅದೂ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕಾಫಿ ಜೊತೆ, ಎರಡು ಕ್ಯಾಪ್ಸೂಲಿಗೇ ಪರಿಣಾಮ ಇಲ್ಲ ಅಂತ ರಂಪ. ಎಣ್ಣೆ ತುಪ್ಪ ಇರೋ ಊಟದ ಜೊತೆ ತಗೋ, ಪಾರ್ಸಲ್ ಬರಲ್ಲ ಅಂತ ಹೇಳಿ ಇಟ್ಟೆ.

ಆದ್ರೆ ಸಿಂಧನೂರು ಅಕ್ಕ ಬರ್ದಿದ್ದು ಓದಿ ನಾನು ತಂದಿಟ್ಟಿದ್ದ ಬಾಕ್ಸ್ ತೆಗ್ದು ನೋಡಿದ್ರೆ ಒಂದು ಸ್ಟ್ರಿಪ್‌ನಾಗೆ ಮೂರು ಖಾಲಿ! ಕೇಳಿದ್ರೆ ನಮ್ಮಮ್ಮ, ಹೆಂಗೂ ಕಳ್ಸಲ್ಲ ಅಂದ್ಯಲ್ಲ ದುಡ್ಡು ಕೊಟ್ಟಿದ್ದು ಯಾಕೆ ಕೆಡಿಸ್ಬೇಕು ಅಂತ ಮೂರು ದಿನದಿಂದ ಮೊಣಕಾಲಿಗೆ ತಗೊಂತಿದೀನಿ ಅಂತಾಳೆ. ಏನಾದ್ರೂ ಆಗುತ್ತಾ? ಬಿಪಿ ಇಲ್ಲ, ಆದ್ರೆ ಹೋದ ವರ್ಷ ಕಿಡ್ನಿ ಸ್ಟೋನ್ ಆಗಿತ್ತು.

ಕುಷ್ಟಗಿ ಮೆಡಿಕಲ್

ಗಾಬರಿ ಬ್ಯಾಡ್ರಿ. ಮೂರು ಅಂದ್ರ 1.8 ಲಕ್ಷ, ಡಾಕ್ಟರು ಕೊಡೋ ಡಿ ಇಂಜೆಕ್ಷನ್ ಒಂದರಾಗೇ 6 ಲಕ್ಷ ಇರ್ತೈತಿ. ಆದ್ರ ಸ್ಟೋನ್ ಆಗಿದ್ದವರು ಅಂತೀರಿ, ಉಳಿದದ್ದು ಇವತ್ತ ಅವರ ಕೈಯಾಗಿಂದ ಇಸ್ಕೊಂಡು ಸ್ಟೋನ್ ನೋಡಿದ ಡಾಕ್ಟರ್ ಹತ್ರಾನ ಕರ್ಕೊಂಡ್ ಹೋಗ್ರಿ. ಖಾಲಿ ಸ್ಟ್ರಿಪ್ ಒಗೀಬ್ಯಾಡ್ರಿ, ಅದನ್ನೂ ತೋರಸ್ರಿ.