ಪದಚರ್ಚೆ: ಆ್ಯಂಟಿ-ಐಸಿಂಗ್, ಡಿ-ಐಸಿಂಗ್ ಎರಡಕ್ಕೂ 'ಹಿಮನಿವಾರಣೆ' ಸಾಕೇ?

ಬಳಗದವರಿಗೆ ನಮಸ್ಕಾರ.

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇಂಗಾಲದ ನ್ಯಾನೊಕೊಳವೆಗಳ (ಇಂಗಾಲದ ಪರಮಾಣುಗಳಿಂದಾದ ಅತಿ ಸಣ್ಣ ಕೊಳವೆಗಳು) ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ. ಈ ಕೊಳವೆಗಳ ಲೇಪ ಬಳಸಿ ವಿಮಾನದ ರೆಕ್ಕೆ, ಗಾಳಿಯಂತ್ರದ ಅಲಗುಗಳ ಮೇಲೆ ಐಸ್ ಕಟ್ಟದಂತೆ ನೋಡಿಕೊಳ್ಳುವುದಕ್ಕೂ (ಆ್ಯಂಟಿ-ಐಸಿಂಗ್) ಕಟ್ಟಿದ್ದನ್ನು ತೆಗೆಯುವುದಕ್ಕೂ (ಡಿ-ಐಸಿಂಗ್) ಕರಡಿನಲ್ಲಿ 'ಹಿಮನಿವಾರಣೆ' ಎಂಬ ಒಂದೇ ಪದವಿದೆ. ಇದನ್ನು ಹೀಗೇ ಬಿಟ್ಟರೆ ಓದುವ ಹುಡುಗರು ಬೇಕಾದ ಶಾಖದ ಲೆಕ್ಕವನ್ನೇ ತಪ್ಪಾಗಿ ಹಾಕುತ್ತಾರೆ.

ನ್ಯಾನೊಕೊಳವೆಗಳನ್ನು ಎಪಾಕ್ಸಿಯಲ್ಲಿ (ಗಟ್ಟಿಯಾಗುವ ಅಂಟು ರಾಳ) ಚೆನ್ನಾಗಿ ಬೆರೆಸಿ ಲೇಪವಾಗಿ ಬಳಿದರೆ ತೂಕದಲ್ಲಿ ಶೇ. 1ಕ್ಕಿಂತ ಕಡಿಮೆ ಇದ್ದರೂ ಕೊಳವೆಗೆ ಕೊಳವೆ ಹೆಣೆದುಕೊಂಡು ವಿದ್ಯುತ್ ಹರಿಯುವ ಜಾಲವಾಗುತ್ತದೆ. ಎದುರುಬದುರು ಅಂಚುಗಳಿಗೆ ತಾಮ್ರದ ಪಟ್ಟಿ ಕೂರಿಸಿ ವಿದ್ಯುತ್ ಹಾಯಿಸಿದರೆ ಲೇಪವೇ ಹೀಟರ್. 10 ಸೆಂ.ಮೀ. ಚೌಕದ ತುಂಡೊಂದರ ರೋಧ 10 ಓಮ್ ಎಂದುಕೊಳ್ಳಿ. 20 ವೋಲ್ಟ್ ಕೊಟ್ಟರೆ 40 ವ್ಯಾಟ್ ಶಾಖ ಬರುತ್ತದೆ. ಅದರ ಮೇಲೆ 5 ಮಿ.ಮೀ. ದಪ್ಪ ಐಸ್ ಕೂತಿದ್ದರೆ ತೂಕ ಸುಮಾರು 46 ಗ್ರಾಂ. ಗ್ರಾಮಿಗೆ 334 ಜೂಲ್‌ನಂತೆ ಅಷ್ಟನ್ನೂ ಕರಗಿಸಲು ಆರು ನಿಮಿಷದ ಮೇಲಾಗುತ್ತದೆ. ಆದರೆ ಅಷ್ಟನ್ನೂ ಕರಗಿಸುವ ಅಗತ್ಯವೇ ಇಲ್ಲ. ಲೇಪಕ್ಕೆ ತಾಗಿದ 0.1 ಮಿ.ಮೀ. ಪದರ ನೀರಾದರೆ ಹಿಡಿತ ತಪ್ಪುತ್ತದೆ, ಉಳಿದ ಗಡ್ಡೆಯನ್ನು ಗಾಳಿಯೇ ಎಳೆದು ಬೀಳಿಸುತ್ತದೆ. ಅದಕ್ಕೆ ಸುಮಾರು 8 ಸೆಕೆಂಡು ಸಾಕು. (ಐಸನ್ನು 0 ಡಿಗ್ರಿಗೆ ತರುವ ಶಾಖ, ಸುತ್ತಲಿಗೆ ಸೋರುವ ಶಾಖ ಇದರಲ್ಲಿ ಸೇರಿಲ್ಲ.) ಹಾಗಾಗಿ ಡಿ-ಐಸಿಂಗ್ ಅಂದರೆ 'ಕರಗಿಸುವುದು' ಅಲ್ಲ, 'ಬಿಡಿಸುವುದು'. ಇಲ್ಲಿನ ಆಲೂಗಡ್ಡೆ ಕೋಲ್ಡ್ ಸ್ಟೋರೇಜ್‌ಗಳಲ್ಲೂ "ಕಾಯಿಲ್ ಮೇಲೆ ಐಸ್ ಕಟ್ಟಿದೆ, ಬಿಡಿಸಬೇಕು" ಅನ್ನುವುದೇ ಸಹಜ ಮಾತು.

ಆ್ಯಂಟಿ-ಐಸಿಂಗ್ ರೀತಿಯೇ ಬೇರೆ. ಮೋಡದೊಳಗೆ 0 ಡಿಗ್ರಿಗಿಂತ ಕೆಳಗಿಳಿದರೂ ಗಟ್ಟಿಯಾಗದೆ ಉಳಿದ ಹನಿಗಳು ರೆಕ್ಕೆಗೆ ಬಡಿದ ಕೂಡಲೇ ಗಡ್ಡೆಗಟ್ಟುತ್ತವೆ. ಅದಕ್ಕೆ ಎಡೆಕೊಡದಿರಬೇಕಾದರೆ ಮೇಲ್ಮೈ ಸದಾ ಬೆಚ್ಚಗಿರಬೇಕು, ವಿದ್ಯುತ್ತನ್ನು ಆರಿಸುವಂತಿಲ್ಲ. ಶಾಖ ಅರೆಬರೆಯಾದರೆ ಇನ್ನೂ ಕಷ್ಟ: ನೀರು ಆವಿಯಾಗದೆ ಹಿಂದಕ್ಕೆ ಹರಿದು, ಹೀಟರ್ ಇಲ್ಲದ ಜಾಗದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿ ಅದನ್ನು ಬಿಡಿಸಲು ಏನೂ ಇರುವುದಿಲ್ಲ.

ಹಾಗಾದರೆ ಪದ ಯಾವುದು? 'ಮಂಜು' ಬೇಡವೆಂದೇ ನನ್ನ ಅಭಿಪ್ರಾಯ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಂಜು ಅಂದರೆ ದಾರಿ ಕಾಣದಂತೆ ಕವಿಯುವುದು. 'ಮಂಜುತಡೆ ಲೇಪ' ಎಂದರೆ ಚಾರ್ಮಾಡಿ ಘಾಟಿಯಲ್ಲಿ ಕಾರಿನ ಗಾಜು ಮಸುಕಾಗದಂತೆ ಬಳಿಯುವ ದ್ರವ ಅಂದುಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. 'ಹಿಮ'ವೂ ಅಷ್ಟೇ, "ಹಿಮ ಬೀಳುತ್ತೆ, ತಲೆಗೆ ಟೋಪಿ ಹಾಕು" ಅನ್ನುವ ಹಿಮ ಗಟ್ಟಿಯಲ್ಲ. 'ಮಂಜುಗಡ್ಡೆ' ಖಚಿತ, ಆದರೆ ಸಮಾಸಕ್ಕೆ ಉದ್ದ. ನನ್ನ ಸಲಹೆ 'ಐಸ್‌ತಡೆ', 'ಐಸ್‌ಬಿಡಿಕೆ'. ಐಸ್ ಎಂಬುದು ಎಲ್ಲರ ಬಾಯಲ್ಲೂ ಇರುವ ಪದ, ಅದಕ್ಕೆ ಹಿಂಜರಿಕೆ ಯಾಕೆ?

ಕರಡಿನಲ್ಲಿ ಇನ್ನೊಂದು ತೊಡಕಿದೆ. 'ನೀರು ಅಂಟದ' ಮೇಲ್ಮೈ ಎಂದಿದ್ದರೆ 'ಐಸ್ ಅಂಟದ' ಮೇಲ್ಮೈ ಎಂದೇ ಅರ್ಥ ಎಂಬಂತೆ ಬರೆಯಲಾಗಿದೆ. ನ್ಯಾನೊಕೊಳವೆಗಳ ಒರಟು ಪದರಕ್ಕೆ ನೀರೊಲ್ಲದ ರಾಸಾಯನಿಕ ಹಚ್ಚಿದರೆ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಗುವುದು ನಿಜ. ಸ್ಪರ್ಶಕೋನ (ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನ) 150 ಡಿಗ್ರಿ ದಾಟುತ್ತದೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆವಿ ಆ ಒರಟಿನ ಸಂದುಗಳೊಳಗೇ ತಣಿದು ಗಟ್ಟಿಯಾಗುತ್ತದೆ. ಆಗ ಐಸ್ ಬೇರು ಬಿಟ್ಟಂತೆ ಕಚ್ಚಿಕೊಳ್ಳುತ್ತದೆ, ಕೀಳಲು ಹೋದರೆ ಒರಟಿನ ತುದಿಗಳೇ ಮುರಿದುಬರುತ್ತವೆ. ಎರಡು ಗುಣ, ಎರಡು ಪದ ಬೇಕು.

ನ್ಯಾನೊಕೊಳವೆಗಳು ಸರಿಯಾಗಿ ಚದುರದೆ ಒಟ್ಟುಗೂಡುವುದಕ್ಕೆ 'ಗಂಟು' ಸಾಕು. ಅಂಚಿನ ತಾಮ್ರದ ಪಟ್ಟಿ ಸರಿಯಾಗಿ ಕೂರದೆ ಅಲ್ಲೇ ರೋಧ ಹೆಚ್ಚಿ ಎಪಾಕ್ಸಿ ಸುಡುವ ಜಾಗಕ್ಕೆ 'ಬಿಸಿಚುಕ್ಕೆ' ಎಂದು ಬರೆದಿದ್ದೇವೆ, ಆಕ್ಷೇಪವಿದ್ದರೆ ಹೇಳಿ.

ನನಗೆ ಪದ ಸಿಗದಿರುವುದು ಹಿಂದಕ್ಕೆ ಹರಿದು ಮತ್ತೆ ಕಟ್ಟುವ ಆ ಐಸ್‌ಗೆ. 'ಮರುಗಟ್ಟು' ಎಂದರೆ ಹರಿದದ್ದು ಬಿಟ್ಟುಹೋಗುತ್ತದೆ. 'ಹರಿಗಡ್ಡೆ' ಹೊಂದುತ್ತದೆಯೇ, ಅಥವಾ ನಿಮ್ಮ ಕಡೆ ಇದಕ್ಕಿಂತ ಒಳ್ಳೆಯದು ಇದೆಯೇ?