ರಾತ್ರಿಯಿಡೀ ಚಾರ್ಜ್ ಮಾಡಿದ ಟಾರ್ಚ್ ಹತ್ತು ನಿಮಿಷಕ್ಕೇ ಆರುತ್ತಿದೆ: ರಿಪೇರಿ ಮಾಡಿಸಬೇಕೇ, ಹೊಸದನ್ನು ಕೊಳ್ಳಬೇಕೇ?

ತೋಟದಮನೆ_ಕೊಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಎಲ್‌ಇಡಿ ಟಾರ್ಚನ್ನು ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಹತ್ತು ನಿಮಿಷದೊಳಗೆ ಮಂಕಾಗಿ, ಆಮೇಲೆ ಪೂರ್ತಿ ಆರಿಹೋಗುತ್ತದೆ. ಚಾರ್ಜ್ ಆಗುವಾಗ ಕೆಂಪು ದೀಪ ಸರಿಯಾಗಿಯೇ ಉರಿಯುತ್ತದೆ. ಕಳೆದ ಮಳೆಗಾಲ ಮುಗಿಯುವ ತನಕ ಒಳ್ಳೆಯ ಬೆಳಕು ಕೊಟ್ಟಿತ್ತು, ಅನಂತರ ಅದನ್ನು ಯಾರೂ ಮುಟ್ಟಿಯೇ ಇಲ್ಲವಾದ್ದರಿಂದ ಹಾಳಾಗಲು ಕಾರಣವೇ ಕಾಣುತ್ತಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾದರೆ ನಮ್ಮ ಕಡೆ ಎರಡು ಮೂರು ದಿನ ಕರೆಂಟ್ ಬರುವುದಿಲ್ಲ. ಅಂಥ ಹೊತ್ತಿನಲ್ಲಿಯೇ ಇದು ಕೈಕೊಟ್ಟಿತೆಂಬುದು ನನಗೆ ಬಹಳ ಬೇಸರ ತಂದಿದೆ. ಇದನ್ನು ಸರಿಪಡಿಸುವ ದಾರಿ ಇದೆಯೇ? ಇಲ್ಲವಾದರೆ ಮನೆಗೂ, ಡಿಸೆಂಬರಿನಲ್ಲಿ ಟೆಂಟ್ ಶಿಬಿರಕ್ಕೆ ಹೋಗಲಿರುವ ಮಗಳಿಗೂ ಒದಗುವಂತೆ ಸಾವಿರದೈನೂರು ರೂಪಾಯಿಯೊಳಗೆ ಯಾವುದನ್ನು ಕೊಳ್ಳಬಹುದು ಎಂದು ದಯವಿಟ್ಟು ತಿಳಿಸಿ.

ಲುಮೆನ್_ಲೆಕ್ಕಿಗ

ಇದು ನಕಲಿ 18650 ಸೆಲ್ಲಿನ (ಚಾರ್ಜ್ ಮಾಡಬಹುದಾದ ಒಂದು ಬಗೆಯ ಲಿಥಿಯಂ ಸೆಲ್) ಲಕ್ಷಣವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಸೆಲ್ ಹೊರತೆಗೆದು ಅದರ ಮೇಲೆ ಏನು ಬರೆದಿದೆ ಎಂದು ನೋಡಿ. 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಎಂದೋ 6800 ಎಂದೋ ಇದ್ದರೆ ಆ ಬರಹವೇ ಸುಳ್ಳು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಈ ಗಾತ್ರದಲ್ಲಿ ಒಳ್ಳೆಯ ತಯಾರಕರ ಸೆಲ್ಲುಗಳೇ ಸುಮಾರು 3500 ಎಂಎಎಚ್ ಮಟ್ಟದಲ್ಲಿ ನಿಂತಿವೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೂ ಗೊತ್ತಾಗುತ್ತದೆ. ಅಸಲಿ ಸೆಲ್ ಸುಮಾರು 45 ಗ್ರಾಂ ಇರುತ್ತದೆ, ನಕಲಿಯದು ಎಷ್ಟೋ ಸಲ ಅದಕ್ಕಿಂತ ಬಹಳ ಹಗುರ.

ಹೆಜ್ಜೆಗುರುತು_ಹಾಸನ

ಲೆಕ್ಕಿಗರ ಮಾತು ಸರಿಯಿರಬಹುದು, ಆದರೆ ಮೊದಲು ಹಿಂಬದಿಯ ಮುಚ್ಚಳ ಬಿಚ್ಚಿ ಸ್ಪ್ರಿಂಗನ್ನೂ ಮುಚ್ಚಳದ ತಿರುಪಿನ ಸುತ್ತುಗಳನ್ನೂ ನೋಡುವುದು ಒಳ್ಳೆಯದು. ಮಲೆನಾಡಿನ ತೇವಕ್ಕೆ ಅಲ್ಲಿ ಕಿಲುಬು ಕಟ್ಟಿದರೆ ವಿದ್ಯುತ್ತಿನ ಹರಿವಿಗೆ ತಡೆಯಾಗಿ ಬೆಳಕು ಕುಗ್ಗುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದೆ.

ಲುಮೆನ್_ಲೆಕ್ಕಿಗ

ಕಿಲುಬಿದ್ದರೆ ಮೊದಲ ನಿಮಿಷದಿಂದಲೇ ಬೆಳಕು ಮಿಣುಕಬೇಕಿತ್ತು. ಇವರು ಹೇಳುವುದು ಚೆನ್ನಾಗಿ ಹೊತ್ತಿ ಆಮೇಲೆ ಆರುವ ಕಥೆ, ಅಂದರೆ ಸೆಲ್ಲಿನಲ್ಲಿ ಸತ್ವವಿಲ್ಲ. ತೂಕ ನೋಡಿ ತಿಳಿಸುವವರೆಗೆ ಬೇರೆ ಊಹೆ ಅನಗತ್ಯ.

ಎರಡುಸೆಲ್_ಧಾರವಾಡ

ಚರ್ಚೆಯೆಲ್ಲ 18650 ಸುತ್ತಲೇ ತಿರುಗುತ್ತಿದೆ. ತುರ್ತಿನ ಹೊತ್ತಿಗೆ ಬೇಕಾದದ್ದು ಎಎ ಸೆಲ್ಲಿನ (ಪೆನ್ಸಿಲ್ ಸೆಲ್ಲಿನ) ಟಾರ್ಚ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕರೆಂಟ್ ಹೋಗಿ ಮೂರನೆಯ ದಿನವಾದಾಗ ಲಿಥಿಯಂ ಸೆಲ್ಲನ್ನು ಎಲ್ಲಿ ಚಾರ್ಜ್ ಮಾಡುತ್ತೀರಿ? ಎಎ ಸೆಲ್ ಊರಿನ ಕಿರಾಣಿ ಅಂಗಡಿಯಲ್ಲೂ ದೊರೆಯುತ್ತದೆ.

ಲುಮೆನ್_ಲೆಕ್ಕಿಗ

ದೊರೆಯುತ್ತದೆ ನಿಜ, ಆದರೆ ಲೆಕ್ಕವನ್ನೂ ನೋಡಬೇಕು. ಚಾರ್ಜ್ ಮಾಡಬಹುದಾದ ಎಎ ಗಾತ್ರದ, 1.2 ವೋಲ್ಟಿನ 2000 ಎಂಎಎಚ್ ನಿಕಲ್ ಸೆಲ್ ಎರಡು ಸೇರಿದರೆ 4.8 ವ್ಯಾಟ್-ಅವರ್ ಶಕ್ತಿಯಾಗುತ್ತದೆ, 3.6 ವೋಲ್ಟಿನ 3000 ಎಂಎಎಚ್ 18650 ಒಂದರಲ್ಲೇ 10.8 ಇದೆ. ಅದೂ ಅಲ್ಲದೆ, ಕಿರಾಣಿ ಅಂಗಡಿಯ ಸೆಲ್ ಟಾರ್ಚಿನಲ್ಲೇ ಉಳಿದರೆ ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತದೆ.

ಎರಡುಸೆಲ್_ಧಾರವಾಡ

ಸೋರುವುದು ಸತು-ಇಂಗಾಲದ ಸೆಲ್ಲೂ ಆಲ್ಕಲೈನ್ ಸೆಲ್ಲೂ. ನಿಕಲ್ ಸೆಲ್ಲುಗಳಲ್ಲಿ ಆ ಕಾಟ ತೀರ ಅಪರೂಪ. ತಾನಾಗಿ ಬೇಗ ಇಳಿಯದ ಬಗೆಯ ನಿಕಲ್ ಸೆಲ್ಲುಗಳು 2005ರಿಂದಲೇ ಮಾರುಕಟ್ಟೆಯಲ್ಲಿವೆ, ಅವುಗಳಲ್ಲಿ ವರ್ಷ ಕಳೆದರೂ ಮುಕ್ಕಾಲು ಪಾಲಿನಷ್ಟು ಚಾರ್ಜ್ ಉಳಿದಿರುತ್ತದೆ. ಸಾಮರ್ಥ್ಯದ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಬರಿದಾದ ದೊಡ್ಡ ಸೆಲ್ಲಿಗಿಂತ ಸಿಗುವ ಸಣ್ಣ ಸೆಲ್ಲೇ ಮೇಲು.

ತೋಟದಮನೆ_ಕೊಪ್ಪ

ತಮ್ಮೆಲ್ಲರ ಸಲಹೆಗೆ ವಂದನೆಗಳು, ಆದರೆ ಸೆಲ್ ಹೊರತೆಗೆಯಲು ನಮ್ಮದಕ್ಕೆ ಮುಚ್ಚಳವೇ ಇಲ್ಲವಲ್ಲ. ಎಲ್ಲರ ಮನೆಯಲ್ಲೂ ಇರುವಂಥ ಪ್ಲಾಸ್ಟಿಕ್ ಟಾರ್ಚ್ ಇದು. ಹಿಂಬದಿಯಿಂದ ಎರಡು ಪಿನ್ ಹೊರಕ್ಕೆಳೆದು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. 18650 ಎಂಬುದು ಯಾವುದು ಎಂದೇ ನನಗೆ ತಿಳಿಯಲಿಲ್ಲ.

ಬೆಸುಗೆ_ಶಿವಮೊಗ್ಗ

ಹಾಗಾದರೆ ಮೇಲಿನ ಚರ್ಚೆ ನಿಮ್ಮ ಟಾರ್ಚಿಗೆ ಹೊಂದುವುದಿಲ್ಲ. ಈ ಬಗೆಯ ಟಾರ್ಚುಗಳಲ್ಲಿ ಬಹಳಷ್ಟರ ಒಳಗೆ 4 ವೋಲ್ಟಿನ ಪುಟ್ಟ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಸೊಳ್ಳೆ ಬ್ಯಾಟುಗಳಲ್ಲೂ ಅದೇ ಜಾತಿಯದನ್ನು ಹಾಕುತ್ತಾರೆ. ಮಳೆಗಾಲದ ಅನಂತರ ಯಾರೂ ಮುಟ್ಟಿಲ್ಲವೆಂದು ಬರೆದಿದ್ದೀರಿ, ಕಾರಣ ಅಲ್ಲಿಯೇ ಇದೆ. ಸೀಸದ ಬ್ಯಾಟರಿ ಬಳಸದಿದ್ದರೂ ತಿಂಗಳಿಗಿಷ್ಟು ತಾನಾಗಿ ಇಳಿಯುತ್ತಾ ಹೋಗುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಇದ್ದರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹೀಗಾಗಿ ರಾತ್ರಿಯಿಡೀ ಇಟ್ಟರೂ ಅದರಲ್ಲಿ ಹತ್ತು ನಿಮಿಷದ ಸತ್ವ ಮಾತ್ರ ನಿಲ್ಲುತ್ತಿದೆ. ಕೆಂಪು ದೀಪವನ್ನು ನಂಬಬೇಡಿ; ಅಗ್ಗದ ಟಾರ್ಚುಗಳಲ್ಲಿ ಅದು ಸಾಕೆಟ್ಟಿನಲ್ಲಿ ಕರೆಂಟ್ ಇದೆ ಎಂದಷ್ಟೇ ಹೇಳುತ್ತದೆ. ಹೆಚ್ಚಿನವು ತುಂಬಿದ ಮೇಲೆ ತಾವಾಗಿ ನಿಲ್ಲುವುದೂ ಇಲ್ಲವಾದ್ದರಿಂದ, ದಿನಗಟ್ಟಲೆ ಸಾಕೆಟ್ಟಿನಲ್ಲೇ ಬಿಟ್ಟರೆ ಒಳಗಿನ ನೀರಿನಂಶ ಒಣಗಿ ಬ್ಯಾಟರಿ ಬೇರೆ ರೀತಿಯಲ್ಲಿ ಸಾಯುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಇವುಗಳ ಚಾರ್ಜರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಮೂಲಕ ಮನೆಯ 230 ವೋಲ್ಟನ್ನೇ ತಗ್ಗಿಸಿರುತ್ತಾರೆ. ಆದ್ದರಿಂದ ಸಾಕೆಟ್ಟಿನಲ್ಲಿರುವಾಗ ಅದನ್ನು ಬಿಚ್ಚಲೇಬಾರದು, ತೆಗೆದ ಮೇಲೂ ಸ್ವಲ್ಪ ಹೊತ್ತು ಪಿನ್ನುಗಳನ್ನು ಬೆರಳಿನಿಂದ ಮುಟ್ಟಬಾರದು. ಪರಿಚಿತ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ, ಟಾರ್ಚ್ ಉರಿಯುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ಅಳೆಯಿಸಿ. ಆಗಷ್ಟೇ ತುಂಬಿದ ಬ್ಯಾಟರಿ ಉರಿಸಿದ ಕೆಲವೇ ನಿಮಿಷಕ್ಕೆ 3.5ಕ್ಕಿಂತ ಕೆಳಗೆ ಬಿದ್ದರೆ ಅದರ ಆಯುಸ್ಸು ಮುಗಿದಿದೆ ಎಂದು ತಿಳಿಯಬಹುದು.

ಲುಮೆನ್_ಲೆಕ್ಕಿಗ

ಈಗಿನ ಎರಡು ಪಿನ್ನಿನ ಟಾರ್ಚುಗಳಲ್ಲೂ ಲಿಥಿಯಂ ಸೆಲ್ ಬರುತ್ತಿದೆ, ಬಿಚ್ಚದೆ ಸೀಸವೆಂದು ತೀರ್ಮಾನಿಸುವುದು ಸರಿಯಲ್ಲ. ಸೀಸವೇ ಆಗಿದ್ದರೂ ಆ ಜಾಗದಲ್ಲಿ ಲಿಥಿಯಂ ಕೂರಿಸಿದರೆ ಬಾಳಿಕೆ ಹೆಚ್ಚುತ್ತದೆ.

ಬೆಸುಗೆ_ಶಿವಮೊಗ್ಗ

ಬಿಚ್ಚಿ ನೋಡಬೇಕೆಂಬ ಮೊದಲ ಮಾತನ್ನು ಒಪ್ಪುತ್ತೇನೆ. ಬ್ಯಾಟರಿಯ ಮೈಮೇಲೆ 4 ವೋಲ್ಟ್ ಎಂದಿದ್ದರೆ ಸೀಸ, 3.7 ಎಂದಿದ್ದರೆ ಲಿಥಿಯಂ. ಎರಡನೆಯ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಲಿಥಿಯಂ ಸೆಲ್ಲಿನ ಚಾರ್ಜಿಂಗ್ 4.2 ವೋಲ್ಟಿಗೆ ನಿಲ್ಲಲೇಬೇಕು, ಸೀಸಕ್ಕೆಂದು ಮಾಡಿದ ಈ ಕಚ್ಚಾ ಚಾರ್ಜರ್ ಅಲ್ಲಿ ನಿಲ್ಲಿಸುವುದಿಲ್ಲ. ಮನೆಯವರು ಮಲಗಿರುವಾಗ ಅದು ಬೆಂಕಿ ಹಿಡಿಯಬಹುದು.

ತೋಟದಮನೆ_ಕೊಪ್ಪ

ಪೇಟೆಯ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದರು. ಒಳಗಿರುವುದು 4 ವೋಲ್ಟಿನದೇ. ಉರಿಸಿದ ಸ್ವಲ್ಪ ಹೊತ್ತಿಗೆ ಮೀಟರಿನಲ್ಲಿ 2.9 ಕಾಣಿಸಿತು. ಅದೇ ಅಳತೆಯ ಹೊಸ ಬ್ಯಾಟರಿ ಹಾಕಿಕೊಡುತ್ತಾರಂತೆ. ಇನ್ನು ಉಳಿದಿರುವುದು ಮಗಳ ಶಿಬಿರದ ಪ್ರಶ್ನೆ. ಅಂಗಡಿಯಲ್ಲಿ ಒಂದರ ಮೇಲೆ ಒಂದು ಲಕ್ಷ ಲುಮೆನ್ ಬೆಳಕು ಎಂದು ಬರೆದಿದೆ, ಬೆಲೆ ಐನೂರು ರೂಪಾಯಿ. ಅದಾಗಬಹುದೇ?

ಹೆಜ್ಜೆಗುರುತು_ಹಾಸನ

ಖಂಡಿತ ಬೇಡ. ಅಷ್ಟು ಬೆಲೆಯ ಕೈಟಾರ್ಚಿನಲ್ಲಿ ಅಷ್ಟು ಬೆಳಕು ಸಾಧ್ಯವೇ ಇಲ್ಲ. ಡಬ್ಬಿಯ ಮೇಲೆ ಎಎನ್‌ಎಸ್‌ಐ ಎಫ್‌ಎಲ್1 ಎಂಬ, ಟಾರ್ಚುಗಳಿಗೆಂದಿರುವ ಅಮೆರಿಕದ ಮಾನದಂಡದ ಚಿಹ್ನೆಗಳಿವೆಯೇ ಎಂದು ನೋಡಿ. 2009ರಲ್ಲಿ ಬಂದ ಆ ಮಾನದಂಡದಂತೆ ಲುಮೆನ್, ಉರಿಯುವ ಅವಧಿ, ಬೆಳಕು ತಲಪುವ ದೂರ ಮೂರನ್ನೂ ಒಂದೇ ರೀತಿಯಲ್ಲಿ ಅಳೆದಿರುತ್ತಾರೆ. ಆದರೂ ಅವಧಿಯ ಅಂಕಿಯನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವ ತನಕದ ಹೊತ್ತನ್ನೆಲ್ಲ ಅದರಲ್ಲಿ ಸೇರಿಸುತ್ತಾರೆ.

ಟೆಂಟಿನೊಳಗೆ 10 ಲುಮೆನ್ ಸಾಕು, ಕಾಲುದಾರಿಯಲ್ಲಿ ನಡೆಯಲು 100 ಧಾರಾಳವಾಯಿತು, 300 ಇದ್ದರೆ ದೂರದ್ದನ್ನು ಹುಡುಕಬಹುದು. ಹೆಚ್ಚಿನ ಮಟ್ಟಕ್ಕಿಂತ ತೀರ ಕಡಿಮೆ ಮಟ್ಟ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ. ಅಡುಗೆಗೂ ಟೆಂಟ್ ಕಟ್ಟಲೂ ಎರಡು ಕೈ ಬೇಕಾದ್ದರಿಂದ ಮಗಳಿಗೆ ಹಣೆಗೆ ಕಟ್ಟುವ ಹೆಡ್‌ಲ್ಯಾಂಪನ್ನೇ ಕೊಡಿಸುವುದು ಒಳ್ಳೆಯದು. ಕೊಡಚಾದ್ರಿಯಂಥ ಕಡೆ ಮಂಜು ಕವಿದರೆ ಹಣೆಯ ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಆಗ ಅದನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಲು ಹೇಳಿ.

ಎರಡುಸೆಲ್_ಧಾರವಾಡ

ಹೆಡ್‌ಲ್ಯಾಂಪ್ ಸರಿಯಾದ ಆಯ್ಕೆ, ಅದು ಎಎಎ (ಎಎಗಿಂತ ಸಣ್ಣ) ಸೆಲ್ಲಿನದೇ ಆಗಿರಲಿ. ಶಿಬಿರದಲ್ಲಿ ಚಾರ್ಜ್ ಮಾಡಲು ಸಾಕೆಟ್ ಇರುವುದಿಲ್ಲ.

ಲುಮೆನ್_ಲೆಕ್ಕಿಗ

ಪವರ್‌ಬ್ಯಾಂಕ್ ಎಲ್ಲರ ಚೀಲದಲ್ಲೂ ಇರುತ್ತದೆ. ಯುಎಸ್‌ಬಿ-ಸಿ ಇರುವ, ಸೆಲ್ ಬದಲಿಸಬಹುದಾದ ಲಿಥಿಯಂ ಹೆಡ್‌ಲ್ಯಾಂಪ್ ಮೇಲು ಎಂಬುದು ಈಗಲೂ ನನ್ನ ನಿಲುವು. ಬಿಡಿ ಸೆಲ್ ಕೊಳ್ಳುವಾಗ ಅದರ ಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಗುರುತು ಇರುವುದನ್ನು ಖಚಿತಪಡಿಸಿಕೊಳ್ಳಿ.

ಬೆಸುಗೆ_ಶಿವಮೊಗ್ಗ

ತೋಟದಮನೆಯವರೇ, ಹೊಸ ಬ್ಯಾಟರಿ ಹಾಕಿಸಿದ ಮೇಲೆ ಮಳೆ ಇರಲಿ, ಇಲ್ಲದಿರಲಿ, ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಚಾರ್ಜ್ ಮಾಡಿ. ಹಳೆಯದನ್ನು ತಿಪ್ಪೆಗೆ ಎಸೆಯದೆ ಆ ಅಂಗಡಿಯಲ್ಲೇ ಕೊಟ್ಟುಬಿಡಿ, ಒಳಗಿನ ಸೀಸ ತೋಟದ ಮಣ್ಣಿಗೆ ಸೇರಬಾರದು.