ಸೈಬರ್ ಕೇಸಲ್ಲಿ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ನಮ್ಮ ವಕೀಲರಾ? ಬೇರೆ ಲಾಯರ್ ಇಡ್ಬೇಕಾ?

ಶಿರಾ_ಹುಡ್ಗಿ:
ನಮ್ಮಪ್ಪಂಗೆ ಪೊಲೀಸ್ ಅಂತ ಫೋನ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ರಿಟೈರ್ಮೆಂಟ್ ದುಡ್ಡಲ್ಲಿ 11 ಲಕ್ಷ ಹಾಕಿಸ್ಕೊಂಡ್ರು. ಸೈಬರ್ ಹೆಲ್ಪ್‌ಲೈನ್ 1930ಗೆ ಫೋನ್ ಮಾಡಿ ಸೆನ್ (ಸೈಬರ್ ಅಪರಾಧ ನೋಡೋ) ಠಾಣೇಲಿ ಎಫ್‌ಐಆರ್ ಆಯ್ತು, ಅಕೌಂಟ್ ಬಾಡಿಗೆಗೆ ಕೊಟ್ಟಿದ್ದ ಇಬ್ರು ಸಿಕ್ಕಿದಾರೆ. ಚಾರ್ಜ್‌ಶೀಟ್ ಆದ್ಮೇಲೆ ಎಪಿಪಿ ನೋಡ್ಕೋತಾರೆ ಅಂತಿದಾರೆ. ಅವ್ರು ನಮ್ಮ ಪರಾನಾ? ಅಪ್ಪ ಈಗ್ಲೂ ಫೋನ್ ರಿಂಗಾದ್ರೆ ಎದ್ದು ಒಳಗೆ ಹೋಗ್ತಾರೆ, ನೋಡಕ್ಕಾಗಲ್ಲ.

ಕರಿಕೋಟು:
ಮೇಡಂ, ಎಪಿಪಿ ಸರ್ಕಾರದ ಪರ. ಕೇಸು ನಡೆಸೋದು ರಾಜ್ಯ, ನಿಮ್ಮ ತಂದೆಯವ್ರು ದೂರುದಾರರು, ಮುಖ್ಯ ಸಾಕ್ಷಿ. ಫೀಸ್ ಏನೂ ಕೊಡ್ಬೇಕಿಲ್ಲ. ನೀವು ಲಾಯರ್ ಇಟ್ರೂ ಕೋರ್ಟ್ ಒಪ್ಪಿದ್ರೆ ಎಪಿಪಿಗೆ ಸಹಾಯ ಮಾಡ್ಬೋದು ಅಷ್ಟೇ. ಆದ್ರೆ ಫ್ರೀಜ್ ಆಗಿರೋ ದುಡ್ಡು ಬಿಡಿಸ್ಕೊಳ್ಳಕ್ಕೆ ಬಿಎನ್‌ಎಸ್‌ಎಸ್ (ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ) ಸೆಕ್ಷನ್ 503ರಲ್ಲಿ ಅರ್ಜಿ ಹಾಕ್ಬೇಕಲ್ಲ, ಅದಕ್ಕೆ ಲಾಯರ್ ಇರ್ಲಿ, ಕೇಸ್ ಮುಗಿಯೋವರೆಗೂ ಕಾಯ್ಬೇಡಿ.

ಹಳೇ_ಗುಮಾಸ್ತ:
ನಾನು ಪ್ರಾಸಿಕ್ಯೂಷನ್ ಆಫೀಸಲ್ಲಿ ಇದ್ದೋನು, ಒಂದು ಮಾತು ಹೇಳ್ತೀನಿ ತಾಯಿ. ವಾಟ್ಸಾಪ್ ಚಾಟು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಪ್ರಿಂಟ್ ತೆಗ್ದು ಫೈಲಿಗೆ ಪಿನ್ ಹೊಡೆದ್ರೆ ಸಾಕ್ಷಿ ಆಗಲ್ಲ. ಮೊದ್ಲು ಎಲೆಕ್ಟ್ರಾನಿಕ್ ಸಾಕ್ಷಿ ಜೊತೆ ಕೊಡೋಕೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್ ಅಂತಿತ್ತು, ಅದು ಬೇಕೇ ಬೇಕು ಅಂತ 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳ್ತು, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆ ಸೆಕ್ಷನ್ 63 ಬಂದು ಈಗ ಆ ಸರ್ಟಿಫಿಕೇಟಲ್ಲಿ ಎರಡು ಭಾಗ, ಒಂದಕ್ಕೆ ಫೋನ್ ಯಾರದ್ದೋ ಅವ್ರು ಸೈನ್ ಮಾಡ್ಬೇಕು ಇನ್ನೊಂದಕ್ಕೆ ಎಕ್ಸ್‌ಪರ್ಟು, ಹ್ಯಾಶ್ ವ್ಯಾಲ್ಯೂನೂ (ಫೈಲ್ ಬದಲಾಗಿಲ್ಲ ಅಂತ ತೋರ್ಸೋ ಕೋಡು) ಬರೀಬೇಕು. ಒಂದ್ಸಲ ಆ 64 ಅಕ್ಷರದ ಹ್ಯಾಶಲ್ಲಿ ಒಂದೇ ಒಂದು ಅಕ್ಷರ ತಪ್ಪು ಟೈಪಾಗಿತ್ತು, ನಮ್ಮ ಎಪಿಪಿ ಮೇಡಂ ಸ್ಕೇಲ್ ಇಟ್ಕೊಂಡು ಓದಿ ಹಿಡಿದು ಐಒಗೆ (ತನಿಖಾಧಿಕಾರಿಗೆ) ವಾಪಸ್ ಕಳ್ಸಿದ್ರು. ಕೋರ್ಟಲ್ಲಿ ಆರೋಪಿ ವಕೀಲರು ಹಿಡಿದಿದ್ರೆ ಕಥೆ ಮುಗೀತಿತ್ತು. ಅದಕ್ಕೇ ಚಾರ್ಜ್‌ಶೀಟ್ ಹಾಕೋಕೆ ಮುಂಚೆ ಎಪಿಪಿ ಒಂದ್ಸಲ ನೋಡ್ಲಿ ಅಂತ ಐಒನ ಕೇಳಿ, ಸಂಕೋಚ ಪಡ್ಬೇಡಿ. ಅಪ್ಪನ ಫೋನ್ ರೀಸೆಟ್ ಮಾಡ್ಬೇಡಿ, ಏನೂ ಡಿಲೀಟ್ ಮಾಡ್ಬೇಡಿ.

ನದಿಯಾ_ನೋಡಿ:
ಧೈರ್ಯ ಕಳ್ಕೋಬೇಡಿ ಅಕ್ಕ. 2025ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿ ಕೋರ್ಟು ಇದೇ ಡಿಜಿಟಲ್ ಅರೆಸ್ಟ್ ಕೇಸಲ್ಲಿ 9 ಜನಕ್ಕೆ ಜೀವಾವಧಿ ಕೊಡ್ತು. ಆಗಲ್ಲ ಅನ್ನೋರಿಗೆ ಇದನ್ನ ತೋರ್ಸಿ.

ಶಿರಾ_ಹುಡ್ಗಿ:
ತುಂಬಾ ಥ್ಯಾಂಕ್ಸ್. ಆ ಚಾಟ್ ಅಳಿಸ್ಬಿಡು ಅಂತ ನಿನ್ನೆ ರಾತ್ರಿ ಅಪ್ಪನೇ ಹೇಳಿದ್ರು, ಸದ್ಯ ಅಳಿಸಿಲ್ಲ. ಈಗ ಫೋನ್ ಸ್ವಿಚಾಫ್ ಮಾಡಿ ಬೀರುಲಿಟ್ಟೆ, ಸೋಮವಾರ ಠಾಣೆಗೆ ಹೋಗಿ 63 ವಿಷ್ಯ ಕೇಳ್ತೀನಿ.